ಹಣೆಬರಹ, ನಂಬಿಕೆ ಮತ್ತು ನಾಳೆಯ ಚಿಂತೆ

॥ ಶ್ರೀ ಮಲೆ ಮಹದೇಶ್ವರ ಸ್ವಾಮಿ ಪ್ರಸನ್ನ ॥



77 ಮಲೆಗಳ ಒಡೆಯನಾದ ಮಾದಪ್ಪನ ಸನ್ನಿಧಿಗೆ ಬರಿಗೈಯಲ್ಲಿ ಬರುವವರು ಯಾರೂ ಇಲ್ಲ. ಕೈಯಲ್ಲಿ ಹಣ್ಣುಕಾಯಿ ಇಲ್ಲದಿದ್ದರೂ ಎದೆಯೊಳಗೆ ಒಂದು ಚಿಂತೆಯ ಗಂಟು ಇದ್ದೇ ಇರುತ್ತದೆ. ಮೈಸೂರು, ಮಂಡ್ಯ, ಚಾಮರಾಜನಗರ, ಬೆಂಗಳೂರು ಕಡೆಯಿಂದ ಬರುವವರು, ಗಡಿಯಾಚೆ ತಮಿಳುನಾಡಿನ ಊರುಗಳಿಂದ ಬರುವವರು, ಬಸ್ಸಿನಲ್ಲಿ ಬರುವವರು, ತಾಳಬೆಟ್ಟದಲ್ಲಿ ಕಾಯಿ ಒಡೆದು ಕರ್ಪೂರ ಹಚ್ಚಿ ಕಾಲ್ನಡಿಗೆಯಲ್ಲಿ ಹತ್ತುವವರು, ಎಲ್ಲರೂ ಆ ಗಂಟನ್ನು ಹೊತ್ತೇ ಬರುತ್ತಾರೆ. ಅಮಾವಾಸ್ಯೆ ಇರಲಿ, ಶಿವರಾತ್ರಿ, ಯುಗಾದಿ, ದೀಪಾವಳಿಯ ಜಾತ್ರೆ ಇರಲಿ, ಬೆಟ್ಟದ ಮೇಲೆ ಜನ ಸೇರಿದಂತೆಲ್ಲಾ ಚಿಂತೆಗಳೂ ಸೇರುತ್ತವೆ. "ಉಘೇ ಮಾದಪ್ಪ" ಎಂದು ಕೂಗುವ ದನಿಯಲ್ಲಿ ಅರ್ಧ ಭಕ್ತಿ ಇದ್ದರೆ ಅರ್ಧ ಸಂಕಟ ಇರುತ್ತದೆ. ಇದು ತಪ್ಪೇನೂ ಅಲ್ಲ. ಮಕ್ಕಳು ಅಪ್ಪನ ಮುಂದೆ ಅಳದೆ ಇನ್ಯಾರ ಮುಂದೆ ಅಳಬೇಕು?

ದೇವಸ್ಥಾನಗಳಲ್ಲಿ ಹುಂಡಿ ತೆರೆದು ಎಣಿಸುವ ದಿನ ನೋಟು, ಚಿಲ್ಲರೆ, ಬೆಳ್ಳಿಯ ತೊಟ್ಟಿಲು, ಕಣ್ಣುಬೊಟ್ಟುಗಳ ನಡುವೆ ಮಡಿಸಿದ ಚೀಟಿಗಳೂ ಸಿಗುತ್ತವೆ. ಶಾಲೆಯ ನೋಟ್‌ಬುಕ್ಕಿನ ಹಾಳೆ ಹರಿದು ಬರೆದದ್ದು, ಬಸ್ ಟಿಕೆಟ್ಟಿನ ಹಿಂದೆ ಬರೆದದ್ದು, ಬರೆಯಲು ಬಾರದವರು ಇನ್ಯಾರದೋ ಕೈಯಲ್ಲಿ ಬರೆಸಿದ್ದು. ಮಗ ಪಾಸಾಗಲಿ, ಮಗಳಿಗೆ ಗಂಡು ಕೂಡಿಬರಲಿ, ಗಂಡ ಕುಡಿತ ಬಿಡಲಿ, ಸಾಲ ತೀರಲಿ, ಬೋರ್‌ವೆಲ್‌ನಲ್ಲಿ ನೀರು ಬರಲಿ, ಕೋರ್ಟಿನ ಕೇಸು ಮುಗಿಯಲಿ ಎಂದು ಇರುತ್ತದೆ. ಕೆಲವು ಚೀಟಿಗಳಲ್ಲಿ ಒಂದೇ ಒಂದು ಪ್ರಶ್ನೆ: "ನನ್ನ ಹಣೆಬರಹ ಯಾಕೆ ಹೀಗೆ ಬರೆದೆ ತಂದೆ?"

ಈ ಪ್ರಶ್ನೆಗೆ ಉತ್ತರವನ್ನು ಮಾದಪ್ಪನ ಚರಿತ್ರೆಯಲ್ಲಿಯೇ ಹುಡುಕುವುದು ಈ ಪುಟಗಳ ಉದ್ದೇಶ.

ಹಣೆಬರಹ ಎಂದರೇನು?

ನಮ್ಮ ಹಿರಿಯರು ಹೇಳುವಂತೆ ಬ್ರಹ್ಮನು ಪ್ರತಿಯೊಬ್ಬರ ಹಣೆಯ ಮೇಲೂ ಬರೆದು ಕಳುಹಿಸಿರುತ್ತಾನೆ. ಸ್ವಲ್ಪ ಯೋಚಿಸಿ ನೋಡಿ. ಬರೆಯುವವನಿಗೆ ಅಂಗೈ ಇತ್ತು, ಎದೆ ಇತ್ತು. ಅದನ್ನೆಲ್ಲ ಬಿಟ್ಟು ಹಣೆಯ ಮೇಲೇ ಏಕೆ ಬರೆದ? ಹಣೆ ಇರುವುದು ಕಣ್ಣಿನ ಮೇಲೆ. ಎಷ್ಟೇ ಬುದ್ಧಿವಂತನಾದರೂ ತನ್ನ ಹಣೆಯನ್ನು ತಾನು ಓದಲಾರ. ಓದಲಿ ಎಂಬ ಇಷ್ಟ ಬರೆದವನಿಗೆ ಇದ್ದಿದ್ದರೆ ಅಂಗೈಯಲ್ಲೇ ದಪ್ಪಕ್ಷರದಲ್ಲಿ ಬರೆಯುತ್ತಿದ್ದ. ಕಣ್ಣಿಗೆ ಕಾಣುವಂತೆ ಆತ ಕೊಟ್ಟಿರುವುದು ಎರಡು ಕೈ, ಎರಡು ಕಾಲು, ಮುಂದಿರುವ ದಾರಿ. ಕಾಣದ್ದನ್ನು ಓದಲು ಹೋಗಿ ಕಾಣುವ ಕೆಲಸವನ್ನು ಬಿಡಬೇಡ ಎಂಬುದೇ ಇದರ ಒಳಗುಟ್ಟು ಇರಬಹುದು.

ಆ ಹಣೆಯ ಮೇಲೆಯೇ ನಾವು ವಿಭೂತಿ ಹಚ್ಚುತ್ತೇವೆ. ಬರೆದದ್ದನ್ನು ಅಳಿಸುತ್ತೇವೆ ಎಂಬ ಜಂಬಕ್ಕೆ ಹಚ್ಚುವುದಲ್ಲ. "ಬರೆದವನು ನೀನು, ಓದುವವನೂ ನೀನೇ, ನನಗೆ ಇವತ್ತಿನ ಕೆಲಸ ತೋರಿಸು" ಎಂದು ಹಚ್ಚುವುದು.

ಮಾರ್ಕಂಡೇಯನ ಕಥೆ ಎಲ್ಲರಿಗೂ ಗೊತ್ತಿರುವುದೇ. ಆ ಬಾಲಕನಿಗೆ ಆಯುಸ್ಸು 16 ವರ್ಷ ಮಾತ್ರ ಎಂದು ಮೊದಲೇ ತಿಳಿದಿತ್ತು. ಕೊನೆಯ ದಿನ ಬಂದಾಗಲೂ ಅವನು ಮಾಡಿದ್ದು ಏನು? ಎಂದಿನಂತೆ ಶಿವಲಿಂಗದ ಮುಂದೆ ಕೂತು ಪೂಜೆ ಮಾಡಿದ. ಯಮ ಬಂದಾಗ ಲಿಂಗವನ್ನು ತಬ್ಬಿಕೊಂಡ. ಶಿವನು ಪ್ರತ್ಯಕ್ಷನಾಗಿ ಕಾಪಾಡಿದ ಎಂಬುದನ್ನು ನಾವು ನೆನಪಿನಲ್ಲಿ ಇಟ್ಟುಕೊಂಡಿದ್ದೇವೆ. ಆದರೆ ಕಾಪಾಡುತ್ತಾನೆ ಎಂದು ಮೊದಲೇ ಖಾತ್ರಿ ಮಾಡಿಕೊಂಡು ಆ ಹುಡುಗ ಪೂಜೆಗೆ ಕೂತಿರಲಿಲ್ಲ ಎಂಬುದನ್ನು ಮರೆತಿದ್ದೇವೆ.

ಹುಲ್ಲಿಗಿಂತ ಹೆಚ್ಚಾದದ್ದು

ಮಹಾಭಾರತದಲ್ಲಿ ಪಾಂಡವರು ವನವಾಸದಲ್ಲಿದ್ದಾಗ ಯಕ್ಷನು ಧರ್ಮರಾಯನಿಗೆ ಪ್ರಶ್ನೆಗಳನ್ನು ಕೇಳುವ ಪ್ರಸಂಗವಿದೆ. ಲೋಕದಲ್ಲಿ ಹುಲ್ಲಿಗಿಂತ ಹೆಚ್ಚಾಗಿರುವುದು ಯಾವುದು ಎಂದು ಯಕ್ಷ ಕೇಳಿದಾಗ ಧರ್ಮರಾಯ ಕೊಟ್ಟ ಉತ್ತರ ಚಿಂತೆ ಎಂದು. ತಮ್ಮಂದಿರು ನಾಲ್ವರೂ ಕೊಳದ ದಡದಲ್ಲಿ ಬಿದ್ದಿರುವಾಗ ಆತ ಹೇಳಿದ ಉತ್ತರ ಇದು. ಚಿಂತೆ ಎಂದರೇನೆಂದು ಆ ಹೊತ್ತಿನಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಹುಲ್ಲಿನ ಸ್ವಭಾವ ರೈತರಿಗೆ ಗೊತ್ತು. ಬಿತ್ತಬೇಕಾಗಿಲ್ಲ, ನೀರು ಹಾಯಿಸಬೇಕಾಗಿಲ್ಲ, ತಾನಾಗಿ ಹುಟ್ಟುತ್ತದೆ. ಹೊಲದಲ್ಲಿ ಒಂದು ವಾರ ಕೈಯಾಡಿಸದೆ ಬಿಟ್ಟರೆ ಪೈರನ್ನೇ ಮುಚ್ಚುತ್ತದೆ. ಚಿಂತೆಯೂ ಹಾಗೆಯೇ. ಇವತ್ತಿನ ಊಟಕ್ಕೆ ತೊಂದರೆ ಇಲ್ಲದವನು ಬರುವ ವರ್ಷದ ಊಟಕ್ಕೆ ಚಿಂತಿಸುತ್ತಾನೆ. ಮಗು ಹುಟ್ಟುವ ಮುಂಚೆ ಮಗುವಾಗಲಿಲ್ಲ ಎಂಬ ಚಿಂತೆ, ಹುಟ್ಟಿದ ಮೇಲೆ ಜ್ವರ, ಶಾಲೆ, ಕೆಲಸ, ಮದುವೆ ಎಂದು ಒಂದರ ಹಿಂದೆ ಒಂದು. ರಾತ್ರಿ ಮಗ್ಗುಲು ಬದಲಿಸುತ್ತಾ ಮಲಗಿದವನಿಗೆ ಹೊರಗೆ ಕೋಳಿ ಕೂಗಿದರೂ ಇನ್ನೂ ಲೆಕ್ಕ ಮುಗಿದಿರುವುದಿಲ್ಲ.

ಹಾಗಾದರೆ ಚಿಂತೆಯ ಬೇರು ಎಲ್ಲಿದೆ? ಕಷ್ಟದಲ್ಲಿದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಒಂದೇ ಕಷ್ಟವನ್ನು ಒಬ್ಬರು ನಿದ್ದೆಗೆಟ್ಟು ಹೊರುತ್ತಾರೆ, ಇನ್ನೊಬ್ಬರು ಹಗಲು ಹೊತ್ತು ರಾತ್ರಿ ಇಳಿಸುತ್ತಾರೆ. ಇದನ್ನು ತಿಳಿಯಬೇಕಾದರೆ ಸಂಕಮ್ಮನ ಕಥೆಗೆ ಹೋಗಬೇಕು.

ಸಂಕಮ್ಮ ಕೊಡದ ಭಾಷೆ

ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯೆಲ್ಲಾ ಹಾಡುವ ಮಾದಪ್ಪನ ಕಥೆಯಲ್ಲಿ ಸಂಕಮ್ಮನ ಸಾಲು ಬಹಳ ದೊಡ್ಡದು, ಕೇಳುವವರ ಕಣ್ಣಲ್ಲಿ ನೀರು ತರಿಸುವಂಥದು. ಸಂಕಮ್ಮ ಸೋಲಿಗರ ನೀಲೇಗೌಡನ ಹೆಂಡತಿ. ಮಕ್ಕಳಿಲ್ಲದವಳು. ಮನೆಯಲ್ಲಿ ಗಂಡನಿಗೆ ಅನುಮಾನದ ಬುದ್ಧಿ. ಅವನು ಬೇಟೆಗೆಂದೂ ಜೇನಿಗೆಂದೂ ಕಾಡಿಗೆ ಹೊರಟು ನಿಂತಾಗ, ತಾನು ಹಿಂತಿರುಗುವವರೆಗೆ ಪತಿವ್ರತೆಯಾಗಿ ಇರುತ್ತೇನೆಂದು ಕೈಮುಟ್ಟಿ ಭಾಷೆ ಕೊಡು ಎಂದು ಹಟ ಹಿಡಿಯುತ್ತಾನೆ.

ಸಂಕಮ್ಮ ಭಾಷೆ ಕೊಡಲಿಲ್ಲ. ತಪ್ಪು ಮಾಡುವ ಮನಸ್ಸಿದ್ದು ಕೊಡಲಿಲ್ಲವೇ? ಅಲ್ಲ. ಭಾಷೆ ಕೊಟ್ಟರೆ ಅನುಮಾನವನ್ನು ಒಪ್ಪಿಕೊಂಡಂತೆ ಆಗುತ್ತದೆ. ಕೈಹಿಡಿದು ಬಂದ ದಿನವೇ ಕೊಟ್ಟ ನಂಬಿಕೆಯನ್ನು ಮತ್ತೆ ಎರಡನೇ ಸಲ ಕೊಡುವುದು ಹೇಗೆ? ನೀಲೇಗೌಡ ಕೋಪಗೊಂಡು ಅವಳಿಗೆ ಕೊಡಬಾರದ ಹಿಂಸೆ ಕೊಟ್ಟು, ಕಟ್ಟಿಹಾಕಿ ಕಾಡಿಗೆ ಹೋದ. ಆ ಸ್ಥಿತಿಯಲ್ಲಿ ಬಿದ್ದಿದ್ದ ಸಂಕಮ್ಮನ ಬಳಿಗೆ ಮಾದಪ್ಪ ತಾನಾಗಿ ಬಂದ. ಕಟ್ಟು ಬಿಡಿಸಿದ. ಎರಡು ಮಕ್ಕಳ ಫಲ ಕೊಟ್ಟ. ಹಿಂತಿರುಗಿ ಬಂದ ಗಂಡ ಒಡ್ಡಿದ ಪರೀಕ್ಷೆಗಳನ್ನೆಲ್ಲ ಸಂಕಮ್ಮ ಗೆದ್ದಳು. ಅವಳ ಮಕ್ಕಳಾದ ಕಾರಯ್ಯ, ಬಿಲ್ಲಯ್ಯ ಮಾದಪ್ಪನ ಶಿಶುಮಕ್ಕಳಾದರು.

ಈ ಕಥೆಯಲ್ಲಿ ಎರಡು ಮಾತುಗಳನ್ನು ಗಮನಿಸಬೇಕು.

ಮೊದಲನೆಯದು, ಹಿಂಸೆ ಸಹಿಸಿಕೊಂಡು ಬಿದ್ದಿರು, ನಿನ್ನ ಹಣೆಬರಹ ಇಷ್ಟೇ ಎಂದು ಮಾದಪ್ಪ ಸಂಕಮ್ಮನಿಗೆ ಹೇಳಲಿಲ್ಲ. ಮೊದಲು ಕಟ್ಟು ಬಿಚ್ಚಿದ. ಹಣೆಬರಹದ ಹೆಸರು ಹೇಳಿ ಹೆಣ್ಣುಮಕ್ಕಳ ಬಾಯಿ ಮುಚ್ಚಿಸುವವರು ಈ ಸಾಲನ್ನು ಇನ್ನೊಂದು ಸಲ ಕೂತು ಕೇಳಬೇಕು.

ಎರಡನೆಯದು, ನೀಲೇಗೌಡನ ಕಷ್ಟ ಯಾವುದು? ಅವನಿಗೆ ಇನ್ನೂ ಏನೂ ಆಗಿರಲಿಲ್ಲ. ಮನೆ ಇತ್ತು, ಒಳ್ಳೆಯ ಹೆಂಡತಿ ಇದ್ದಳು, ಕಾಡಿನಲ್ಲಿ ಜೇನಿತ್ತು. ಆದರೆ ಮುಂದೆ ಏನೂ ಆಗುವುದಿಲ್ಲ ಎಂಬ ಭಾಷೆ ಅವನಿಗೆ ಬೇಕಾಗಿತ್ತು. ಅದು ಸಿಗದಿದ್ದಾಗ ಕೈಯಲ್ಲಿದ್ದ ಬದುಕನ್ನು ತಾನೇ ಹಾಳುಮಾಡಿಕೊಂಡ.

ಭಕ್ತರೇ, ಚಿಂತೆಯ ಬೇರು ಇದೇ. ನಾವೂ ನಾಳೆಯ ದಿನವನ್ನು ಎದುರಿಗೆ ನಿಲ್ಲಿಸಿಕೊಂಡು "ಭಾಷೆ ಕೊಡು" ಎನ್ನುತ್ತೇವೆ. ಮಳೆ ಬಂದೇ ಬರುತ್ತದೆಂದು ಭಾಷೆ ಕೊಡು, ಮಗ ಕೈಬಿಡುವುದಿಲ್ಲ ಎಂದು ಭಾಷೆ ಕೊಡು, ಕಾಯಿಲೆ ಬರುವುದಿಲ್ಲ ಎಂದು ಭಾಷೆ ಕೊಡು. ನಾಳೆ ಎಂಬುದು ಸಂಕಮ್ಮನ ಹಾಗೆ. ಅದು ಯಾರಿಗೂ ಭಾಷೆ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಹಾಗೆಂದು ಅದು ಕೆಟ್ಟದ್ದೇ ಇರಬೇಕೆಂದೇನೂ ಇಲ್ಲ. ಭಾಷೆ ಸಿಗಲಿಲ್ಲವೆಂದು ಇವತ್ತನ್ನು ಹಿಂಸಿಸುವುದು ನೀಲೇಗೌಡನ ದಾರಿ. ಭಾಷೆ ಇಲ್ಲದೆಯೇ ಹೆಜ್ಜೆ ಇಡುವುದು ನಂಬಿಕೆಯ ದಾರಿ. ಸೇವೆಗೆ ದುಡ್ಡು ಕಟ್ಟಿದರೆ ರಶೀದಿ ಸಿಗುತ್ತದೆ. ನಂಬಿಕೆಗೆ ಎಲ್ಲಿಯೂ ರಶೀದಿ ಇಲ್ಲ.

ಮಾದಪ್ಪನೂ ರಾಗಿ ಬೀಸಿದ

ಹೆಜ್ಜೆ ಇಡುವುದು ಎಂದು ಹೇಳುವುದು ಸುಲಭ, ಇಡುವುದು ಹೇಗೆ ಎಂದು ಕೇಳಬಹುದು. ಅದಕ್ಕೂ ಮಾದಪ್ಪನೇ ದಾರಿ ತೋರಿಸಿದ್ದಾನೆ.

ಉತ್ತರದೇಶದಿಂದ ಬಂದ ಮಾದಪ್ಪ ಈ ಮಲೆಗೆ ಸೇರುವ ಮುಂಚೆ ಕಪಿಲಾ ನದಿಯ ದಡದ ಸುತ್ತೂರು ಮಠದಲ್ಲಿ ಇದ್ದನೆಂದು ಕಥೆ ಹೇಳುತ್ತದೆ. ಮುಂದೆ ಹುಲಿಯ ಮೇಲೆ ಕೂತು ಮಲೆಯನ್ನೆಲ್ಲಾ ಆಳಬೇಕಾದವನು. ಅಲ್ಲಿ ಅವನಿಗೆ ಸಿಕ್ಕ ಕೆಲಸ ಏನು ಗೊತ್ತೇ? ರಾಗಿ ಬೀಸುವುದು. ನಾನು ಯಾರು, ನನಗೆ ಈ ಕೆಲಸವೇ ಎಂದು ಅವನು ಜಗಳ ತೆಗೆಯಲಿಲ್ಲ. ಇದು ನನ್ನ ಹಣೆಬರಹ ಎಂದು ತಲೆ ಮೇಲೆ ಕೈಹೊತ್ತು ಕೂರಲೂ ಇಲ್ಲ. ಕಲ್ಲಿನ ಮುಂದೆ ಕೂತ. ಅಲ್ಲಿ ನಡೆದ ಪವಾಡವನ್ನು ಗುಡ್ಡರ ಬಾಯಿಂದಲೇ ಕೇಳಬೇಕು.

ಈಗ ಊರೂರಿಗೆ ಹಿಟ್ಟಿನ ಮಿಷನ್ನು ಬಂದು ರಾಗಿಕಲ್ಲುಗಳು ಹಿತ್ತಿಲು ಸೇರಿವೆ. ಆದರೆ ಬೀಸಿದ ಅಜ್ಜಿಯರು ಇನ್ನೂ ಇದ್ದಾರೆ, ಅವರನ್ನು ಕೇಳಿ. ಮೂಟೆ ರಾಗಿ ಇದ್ದರೂ ಕಲ್ಲಿನ ಬಾಯಿಗೆ ಹಾಕುವುದು ಒಂದು ಹಿಡಿ. ಆ ಹಿಡಿ ಹಿಟ್ಟಾದ ಮೇಲೆ ಇನ್ನೊಂದು ಹಿಡಿ. ಅವಸರ ಮಾಡಿ ಬಾಯಿತುಂಬಾ ತುರುಕಿದರೆ ಗೂಟ ತಿರುಗುವುದಿಲ್ಲ, ರಾಗಿ ನುಚ್ಚಾಗಿ ಹಾಗೇ ಬೀಳುತ್ತದೆ. ಮೂಟೆಯ ಕಡೆ ನೋಡುತ್ತಾ ಕೂತವಳು ಬೀಸಿ ಮುಗಿಸಿದ್ದಿಲ್ಲ. ಹಾಡು ಹೇಳಿಕೊಂಡು, ಜೊತೆಗೊಬ್ಬಳನ್ನು ಎದುರಿಗೆ ಕೂರಿಸಿಕೊಂಡು, ಹಿಡಿ ಹಿಡಿಯಾಗಿ ಹಾಕಿದವಳು ಕೋಳಿ ಕೂಗುವ ಹೊತ್ತಿಗೆ ಹಿಟ್ಟು ತುಂಬಿಕೊಂಡು ಏಳುತ್ತಿದ್ದಳು.

ಹಣೆಬರಹ ಎಂಬುದು ಮೂಟೆ. ಅದರಲ್ಲಿ ಎಷ್ಟಿದೆ ಎಂದು ನಮಗೆ ತಿಳಿಯದು. ನಮ್ಮ ಪಾಲಿಗೆ ಇರುವುದು ಇವತ್ತಿನ ಒಂದು ಹಿಡಿ. ಎದುರಿಗೆ ಗೂಟ ಹಿಡಿಯಲು ಒಬ್ಬರಿದ್ದರೆ ಕಲ್ಲು ಹಗುರ. ಮಾದಪ್ಪ ಇದ್ದಾನೆ. ಅವನ ಜೊತೆಗೆ ಮನೆಯವರೂ ಇದ್ದಾರೆ ಎಂಬುದನ್ನು ಮರೆಯಬಾರದು.

ಚೀಟಿ ಬರೆದ ರೈತ

ಇದಕ್ಕೆ ದೃಷ್ಟಾಂತವಾಗಿ ಬೆಟ್ಟಕ್ಕೆ ಬಂದ ಒಬ್ಬ ರೈತನ ಕಥೆಯನ್ನು ಹೇಳುವುದುಂಟು. ಬಯಲುಸೀಮೆಯ ಮಳೆ ಕಮ್ಮಿ ಇರುವ ಊರಿನವನು. ಎರಡು ಬೋರ್‌ವೆಲ್ ಕೊರೆಸಿ ಎರಡೂ ಫೇಲಾಗಿ, ಸೊಸೈಟಿ ಸಾಲದ ಮೇಲೆ ಕೈಸಾಲ, ಕೈಸಾಲದ ಮೇಲೆ ಬಡ್ಡಿ ಬೆಳೆದಿತ್ತು. ಹೆಂಡತಿಗೆ ಹರಕೆ ತೀರಿಸುವುದಿದೆ ಎಂದಷ್ಟೇ ಹೇಳಿ ಅವಳನ್ನೂ ಮಗಳನ್ನೂ ಕರೆದುಕೊಂಡು ಅಮಾವಾಸ್ಯೆಗೆ ಬಂದಿದ್ದ. ಮನಸ್ಸಿನಲ್ಲಿ ಇದ್ದದ್ದು ಬೇರೆ. ಇವರಿಬ್ಬರನ್ನು ಊರಿನ ಬಸ್ಸು ಹತ್ತಿಸಿ ತಾನು ಹಿಂದೆ ಉಳಿದುಬಿಡುವುದು, ಮತ್ತೆ ಯಾರ ಕಣ್ಣಿಗೂ ಬೀಳದಿರುವುದು.

ದರ್ಶನದ ಸಾಲಿಗೆ ಹೋಗುವ ಮುಂಚೆ ಒಂದು ಕಡೆ ಕೂತು ಚೀಟಿ ಬರೆಯತೊಡಗಿದ. ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನೆಲ್ಲಾ ಒಂದೂ ಬಿಡದೆ ಬರೆದ. ಬರೆಯುತ್ತಾ ಕೈ ನಡುಗುತ್ತಿತ್ತು. ಪಕ್ಕದಲ್ಲಿ ಕಂಸಾಳೆ ಇಟ್ಟುಕೊಂಡು ಎಲೆ ಅಡಿಕೆ ಹಾಕುತ್ತಿದ್ದ ವಯಸ್ಸಾದ ದೇವರಗುಡ್ಡ ಅವನನ್ನೇ ನೋಡುತ್ತಿದ್ದು, ಕೊನೆಗೆ ಕೇಳಿದ:

"ಏನ್ ಮಗಾ ಬರೀತಿದ್ದೀಯ?"

"ಸಾಲದ ಲೆಕ್ಕ ತಾತ. ಹುಂಡಿಗೆ ಹಾಕ್ತೀನಿ."

"ಮಾದಪ್ಪಂಗೆ ಹೇಳ್ಕೊತಿದ್ದೀಯ, ಸರಿ. ಮನೇಲಿರೋಳ್ಗೆ ಹೇಳಿದ್ದೀಯಾ?"

ರೈತ ಉತ್ತರ ಕೊಡಲಿಲ್ಲ. ತಾತ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು ಹೇಳಿದ: "ಮಾದಪ್ಪಂಗೆ ನಿನ್ ಲೆಕ್ಕ ಗೊತ್ತಾಗಕ್ಕೆ ಚೀಟಿ ಬೇಕಾ? ಗೊತ್ತಿಲ್ದೆ ಇರೋಳು ಅಲ್ಲಿ ಕೂತವ್ಳೆ ನೋಡು. ಅವ್ಳಿಗೆ ಕೊಡು ಹೋಗು."

ದಾಸೋಹದಲ್ಲಿ ಊಟ ಮಾಡಿ ಎದ್ದ ಮೇಲೆ ಮರದ ನೆರಳಿನಲ್ಲಿ ಅವನು ಚೀಟಿಯನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಅಕ್ಷರ ಅಕ್ಷರ ಕೂಡಿಸಿಕೊಂಡು ಬಹಳ ಹೊತ್ತು ಓದಿದಳು. ಆಮೇಲೆ ಕೇಳಿದ್ದು ಒಂದೇ: "ಇದ್ನ ಒಬ್ರೇ ಎಷ್ಟು ದಿನದಿಂದ ಹೊತ್ಕೊಂಡಿದ್ರಿ?" ಆ ಮಾತಿಗೆ ಅವನಿಗೆ ಅಳು ಬಂತು. ಮಗಳು ಅಪ್ಪನ ಕಣ್ಣೀರು ನೋಡಿ ಗಾಬರಿಯಾಗಿ ತನ್ನ ಕೈಯಲ್ಲಿದ್ದ ಲಾಡು ಪ್ರಸಾದವನ್ನು ಅವನ ಬಾಯಿಗೆ ಹಿಡಿದಳು. ಮೂವರೂ ಒಂದೇ ಬಸ್ಸಿನಲ್ಲಿ ಊರಿಗೆ ಹೋದರು.

ಸಾಲ ಅವತ್ತೇ ಕರಗಲಿಲ್ಲ. ಹೊಲದಲ್ಲಿ ಗಂಗೆ ಉಕ್ಕಲಿಲ್ಲ. ಒಂದು ಹಸು ಮಾರಿದರು. ಬಡ್ಡಿ ಜಾಸ್ತಿ ಇದ್ದ ಕೈಸಾಲವನ್ನು ಮೊದಲು ತೀರಿಸಿದರು. ಹೆಂಡತಿ ತಾನೇ ಜೊತೆಗೆ ಹೋಗಿ ಸೊಸೈಟಿಯಲ್ಲಿ ಗಡುವು ಕೇಳಿದಳು. ಮೂರನೇ ಬೋರ್‌ವೆಲ್ ಮಾತು ಬಿಟ್ಟು ಮಳೆಗೆ ತಕ್ಕ ಹಾಗೆ ರಾಗಿ, ಹುರುಳಿ ಹಾಕಿದರು. ಮರುವರ್ಷ ಬೆಟ್ಟಕ್ಕೆ ಬಂದಾಗ ಸಾಲ ಇನ್ನೂ ಉಳಿದಿತ್ತು. ಆದರೆ ಈ ಸಲ ಅವನು ಚೀಟಿ ಬರೆಯಲಿಲ್ಲ. ತಾತನನ್ನು ಹುಡುಕಿಕೊಂಡು ಹೋಗಿ ಎಲೆ ಅಡಿಕೆ ಕೊಟ್ಟು ಕಾಲಿಗೆ ಬಿದ್ದ.

ಪವಾಡ ಆಯಿತೇ ಇಲ್ಲವೇ ಎಂಬುದನ್ನು ಓದಿದವರೇ ಹೇಳಬೇಕು.

ಹರಕೆ ಹೊರುವವರಿಗೆ ನಾಲ್ಕು ಮಾತು

ಒಂದು. ಕಾಯಿಲೆ ಬಂದಾಗ ಮಾದಪ್ಪನಿಗೆ ಕೈಮುಗಿಯಿರಿ, ಹಾಗೆಯೇ ಆಸ್ಪತ್ರೆಗೂ ಹೋಗಿ. ಮಗುವಿಗೆ ಜ್ವರ ಬಂದರೆ ವಿಭೂತಿ ಹಚ್ಚಿ, ತಡ ಮಾಡದೆ ಡಾಕ್ಟರ ಹತ್ತಿರ ಕರೆದೊಯ್ಯಿರಿ. ವೈದ್ಯರ ಕೈಯೂ ದೇವರು ಕೊಟ್ಟ ಕೈಯೇ. ದೇಹಕ್ಕೆ ಬರುವಂತೆ ಮನಸ್ಸಿಗೂ ಕಾಯಿಲೆ ಬರುತ್ತದೆ. ಬದುಕೇ ಬೇಡ ಎನ್ನುವಷ್ಟು ಮನಸ್ಸು ಕುಗ್ಗಿದವರಿಗಾಗಿ ಸರ್ಕಾರವು 2022ರಲ್ಲಿ ಟೆಲಿ ಮಾನಸ್ ಎಂಬ ಉಚಿತ ಫೋನ್ ಸೇವೆ ಆರಂಭಿಸಿದೆ. ಅದರ ಸಂಖ್ಯೆ 14416. ಕನ್ನಡದಲ್ಲಿಯೇ ಮಾತನಾಡಬಹುದು. ಹೇಳಿಕೊಳ್ಳುವುದರಲ್ಲಿ ನಾಚಿಕೆ ಬೇಡ.

ಎರಡು. ಸಾಲ ಮಾಡಿ ಹರಕೆ ತೀರಿಸಬೇಡಿ. ಹುಲಿವಾಹನ, ರುದ್ರಾಕ್ಷಿ ಮಂಟಪ, ಚಿನ್ನದ ತೇರು ಎಲ್ಲವೂ ಸೇವೆಯೇ, ಇದ್ದವರು ಮಾಡಿಸಲಿ. ಇಲ್ಲದವರು ಅಂತರಗಂಗೆಯಲ್ಲಿ ಮಿಂದು ಗುಡಿಯ ಸುತ್ತ ಕಸ ಗುಡಿಸಿದರೂ ಸೇವೆಯೇ. ದೀಪಾವಳಿಯಲ್ಲಿ ಬೇಡಗಂಪಣರ 101 ಹೆಣ್ಣುಮಕ್ಕಳು ಉಪವಾಸವಿದ್ದು ಬರಿಗಾಲಿನಲ್ಲಿ ನಡೆದು ಹಾಲರವೆ ತರುತ್ತಾರೆ. ಅವರು ಹೊತ್ತು ತರುವುದು ಹಳ್ಳದ ನೀರು. ಆ ನೀರನ್ನು ಮಾದಪ್ಪ ಅಭಿಷೇಕಕ್ಕೆ ಒಪ್ಪಿಕೊಂಡಿದ್ದಾನೆ. ಭಿಕ್ಷೆಗೆ ಬಂದವನನ್ನು ಹೊರಗಟ್ಟಿದ ಬೇವಿನಹಟ್ಟಿ ಕಾಳಮ್ಮನ ಸಿರಿಯನ್ನು ಅವನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಮೂರು. ನಮ್ಮ ತಪ್ಪನ್ನು ಹಣೆಬರಹದ ತಲೆಗೆ ಕಟ್ಟಬಾರದು. ಕುಡಿದು ಗಾಡಿ ಓಡಿಸಿ ಬಿದ್ದರೆ ಅದು ಬ್ರಹ್ಮ ಬರೆದದ್ದಲ್ಲ. ಮಗ ಓದದೆ ಫೇಲಾದರೆ ಅದು ಶನಿಕಾಟವೂ ಅಲ್ಲ, ಅಲ್ಲಿಗೆ ಎಲ್ಲ ಮುಗಿಯಿತು ಎಂದೂ ಅಲ್ಲ. ಪರೀಕ್ಷೆ ಮತ್ತೆ ಬರೆಯಬಹುದು, ಮಗನನ್ನು ಮತ್ತೆ ತರಲಾಗದು. ಬಯ್ಯುವ ಮುಂಚೆ ಇದನ್ನು ನೆನೆಯಿರಿ.

ನಾಲ್ಕು. ಹಣೆಬರಹ ಎಂಬ ಮಾತನ್ನು ತನ್ನ ಕಷ್ಟಕ್ಕೆ ಹೇಳಿಕೊಂಡರೆ ಸ್ವಲ್ಪ ಸಮಾಧಾನ. ಪಕ್ಕದ ಮನೆಯವರ ಕಷ್ಟಕ್ಕೆ ಹೇಳಿದರೆ ಅದು ಪಾಪ. ಗಂಡ ತೀರಿಕೊಂಡವಳನ್ನು, ಮಕ್ಕಳು ಬಿಟ್ಟುಹೋದ ಮುದುಕರನ್ನು ನೋಡಿ "ಅವರ ಹಣೇಲಿ ಬರೆದಿತ್ತು" ಎಂದು ಬಾಗಿಲು ಹಾಕಿಕೊಳ್ಳುವವರು ಉಂಟು. ಅವರ ಹಣೆಯಲ್ಲಿ ಏನು ಬರೆದಿತ್ತೋ ನಮಗೆ ಗೊತ್ತಿಲ್ಲ. ಒಂದು ಹೊತ್ತಿನ ಊಟ ನಮ್ಮ ಕೈಯಿಂದ ಸಿಗಲಿ ಎಂದೂ ಬರೆದಿರಬಹುದಲ್ಲವೇ?

ಇಳಿಯುವ ಹೊತ್ತು

ತಾನೊಂದು ನೆನೆದರೆ ದೈವವೊಂದು ನೆನೆಯಿತು ಎಂಬ ಗಾದೆಯನ್ನು ಎಲ್ಲರೂ ಬೇಸರದಿಂದಲೇ ಹೇಳುತ್ತಾರೆ. ದೈವ ನೆನೆದದ್ದು ಕೆಟ್ಟದ್ದೇ ಎಂದು ಗಾದೆಯಲ್ಲಿ ಎಲ್ಲಿಯೂ ಇಲ್ಲ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲ ಎಂದು ಹೇಳಿದವರೂ ಅದೇ ಹಿರಿಯರು. ಎರಡು ಗಾದೆಯನ್ನೂ ಜೊತೆಗೆ ಇಟ್ಟುಕೊಂಡು ಬದುಕಬೇಕು.

ಬೆಟ್ಟ ಹತ್ತುವಾಗ ಕಾಡುದಾರಿಯಲ್ಲಿ ಮುಂದಿನ ತಿರುವಿನ ಆಚೆ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ. ಕಾಲಿನ ಮುಂದಿನ ಕಲ್ಲು ಮಾತ್ರ ಕಾಣುತ್ತದೆ. ಆದರೂ ಜನ ಮಾದಪ್ಪನ ಹೆಸರು ಹೇಳುತ್ತಾ, ಸುಸ್ತಾದವರ ಗಂಟನ್ನು ಒಬ್ಬರಿಗೊಬ್ಬರು ಬದಲಿಸಿಕೊಳ್ಳುತ್ತಾ ಹತ್ತಿಯೇ ಬರುತ್ತಾರೆ. ಊರಿಗೆ ಹೋದ ಮೇಲೂ ಹಾಗೆಯೇ ನಡೆದರೆ ಸಾಕು. ಎದೆಯ ಗಂಟನ್ನು ಇಲ್ಲಿಯೇ ಬಿಟ್ಟು ಹೋಗಲು ಆಗದಿದ್ದರೂ ಚಿಂತೆಯಿಲ್ಲ. ಜೊತೆಯಲ್ಲಿ ಬಂದವರ ಮುಂದೆ ಬಿಚ್ಚಿ, ಅರ್ಧ ಅವರ ಹೆಗಲಿಗೆ ಕೊಟ್ಟು, ಇವತ್ತಿನ ಒಂದು ಹಿಡಿಯನ್ನು ಮಾತ್ರ ಕೈಗೆ ತೆಗೆದುಕೊಂಡು ಇಳಿಯಿರಿ.

ನಾಳೆಯಿಂದ ಭಾಷೆ ಕೇಳಬೇಡಿ. ಕೇಳದೆಯೇ ಬಂದು ಸಂಕಮ್ಮನ ಕಟ್ಟು ಬಿಡಿಸಿದ ಮಾದಪ್ಪ ಎಲ್ಲರ ಬೆನ್ನ ಹಿಂದೆ ಇರಲಿ.

ಉಘೇ ಉಘೇ ಮಾದಪ್ಪ

॥ ಶುಭಂ ॥